ಬಳ್ಳಾರಿ ಜಾಲಿಯೂ ಸೈಕಲ್ಲಿನ ಗಾಳಿಯೂ

ದಾರಿ ಎಷ್ಟು ಉದ್ದವೆಂಬುದು ಸೈಕಲ್ ತುಳಿಯುವವನಿಗಿಂತ ಅದನ್ನು ತಳ್ಳಿಕೊಂಡು ನಡೆಯುವವನಿಗೆ ಚೆನ್ನಾಗಿ ಗೊತ್ತು. ಬಳ್ಳಾರಿಯಿಂದ ಕುರುಗೋಡು ಸುಮಾರು 30 ಕಿಲೋಮೀಟರ್, ಸಿರುಗುಪ್ಪ 50ಕ್ಕೂ ಹೆಚ್ಚು. ಬಸ್ಸಿನಲ್ಲಿ ಕುಳಿತವರಿಗೆ ಇದು ಒಂದು ನಿದ್ದೆಯ ದಾರಿ. ಬೆಳಗಿನ ತಂಪಿನಲ್ಲಿ ಸೈಕಲ್ ಹತ್ತಿದವನಿಗೂ ಅಷ್ಟೇನೂ ಕಷ್ಟದ ದಾರಿಯಲ್ಲ. ನೆಲ ಬಹುಮಟ್ಟಿಗೆ ಸಮತಟ್ಟು. ಆದರೆ ಊರು ದಾಟಿ ನಾಲ್ಕು ಮೈಲಿ ಹೋದಮೇಲೆ ಹಿಂದಿನ ಚಕ್ರ ‘ಸುಸ್ಸ್’ ಎಂದು ಕುಸಿದರೆ ಲೆಕ್ಕವೆಲ್ಲ ಬದಲಾಗುತ್ತದೆ. ಹಿಂದೆ ನಾಲ್ಕು ಮೈಲಿ, ಮುಂದಿನ ಊರು ಮೂರು ಮೈಲಿ, ನಡುವೆ ಎರೆಹೊಲ, ತಲೆಯ ಮೇಲೆ ಬಿಸಿಲು, ರಸ್ತೆಯ ಎರಡೂ ಬದಿಗೆ ಜಾಲಿ. ಕೂಲಿಗೆ ಹೊರಟವನಿಗೆ ಅಂದಿನ ಅರ್ಧ ದಿನದ ಕೂಲಿ ಹೋದಂತೆ. ಪರೀಕ್ಷೆಗೆ ಹೊರಟ ಹುಡುಗಿಗೆ ಇನ್ನೂ ಹೆಚ್ಚು.

ಆ ರಸ್ತೆಬದಿಯ ಜಾಲಿಯ ಹೆಸರೇ ಬಳ್ಳಾರಿ ಜಾಲಿ. ಮೈಸೂರು, ಮಂಡ್ಯದ ಕಡೆಯವರೂ ಇದನ್ನು ಹೀಗೆಯೇ ಕರೆಯುತ್ತಾರೆ. ಸೈಕಲ್ಲಿನವರು ತಮ್ಮ ಟ್ಯೂಬಿನಲ್ಲಿ ಮುರಿದುಕೊಂಡ ಮುಳ್ಳನ್ನು ಕೀಳುವಾಗ, ಕಾಣದ ಒಂದು ಊರಿನ ಹೆಸರು ಹಿಡಿದು ಬೈಯ್ಯುವುದುಂಟು. ಬಳ್ಳಾರಿಗೆ ಇದು ಅನ್ಯಾಯವೇ ಸರಿ, ಏಕೆಂದರೆ ಮರ ಬಳ್ಳಾರಿಯದಲ್ಲ. ಸಸ್ಯಶಾಸ್ತ್ರಜ್ಞರು ಪ್ರೊಸೋಪಿಸ್ ಜುಲಿಫ್ಲೋರಾ ಎಂದು ಕರೆಯುತ್ತ ಬಂದ ಈ ಮರದ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ 1876ರಲ್ಲಿ ಇದನ್ನು ಒಣ ಸೀಮೆಯಲ್ಲಿ ಬೆಳೆಸಬೇಕೆಂದು ಸರ್ಕಾರಕ್ಕೆ ಬರೆದ. ಜಮೈಕಾದಿಂದ ಬೀಜ ಬಂತು. ಕಡಪ ಜಿಲ್ಲೆಯ ಕಮಲಾಪುರದಲ್ಲಿ ಅದನ್ನು ಬಿತ್ತಿದರು. ಬಳ್ಳಾರಿಯೂ ಕಡಪವೂ ಆಗ ಒಂದೇ ಸೀಮೆ. 1800ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಎರಡೂ ಸೇರಿದ್ದವು. ಬೀಜ ಬಿದ್ದ ಕಾಲವೂ ನೆನಪಿಡುವಂಥದು: 1876ರಿಂದ 78ರವರೆಗಿನ ಮಹಾ ಬರ ಬಳ್ಳಾರಿ ಸೀಮೆಯನ್ನು ಹಿಂಡಿ ಹಿಪ್ಪೆ ಮಾಡಿದ ವರ್ಷಗಳವು. ಮಳೆ ಇಲ್ಲದಿದ್ದರೂ ಹಸಿರಾಗಿರುವ, ಕಡಿದಷ್ಟೂ ಚಿಗುರುವ ಮರ ಆಗ ಸರ್ಕಾರದ ಕಣ್ಣಿಗೆ ವರದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ನೆರೆಯ ಭಾಷೆಗಳು ಈ ಮರಕ್ಕೆ ಇಟ್ಟ ಹೆಸರುಗಳಲ್ಲಿ ಅದು ಹೊರಗಿನದೆಂಬ ಗುರುತು ಉಳಿದಿದೆ. ತಮಿಳರಿಗೆ ಇದು ‘ಸೀಮೈ ಕರುವೇಲಂ’, ಅಂದರೆ ಸೀಮೆಯ ಜಾಲಿ. ಸೀಮೆಎಣ್ಣೆಯ ಸೀಮೆಯೇ ಅದು. ತೆಲುಗರಿಗೆ ‘ಸರ್ಕಾರು ತುಮ್ಮ’. ಹಿಂದಿಯಲ್ಲಿ ‘ವಿಲಾಯತಿ ಬಬೂಲ್’. ಕಚ್ಛದವರು ‘ಗಾಂಡೋ ಬಾವಳ್’, ಹುಚ್ಚು ಜಾಲಿ ಎಂದುಬಿಟ್ಟರು. ಕನ್ನಡಿಗರು ಮಾತ್ರ ವಿಲಾಯತಿಯನ್ನೂ ಸರ್ಕಾರವನ್ನೂ ಬಿಟ್ಟು ತಮ್ಮದೇ ಒಂದು ಊರಿನ ತಲೆಗೆ ಕಟ್ಟಿದರು.

ಮರದ ಉಪಕಾರವನ್ನೂ ಹೇಳದಿದ್ದರೆ ತಪ್ಪಾದೀತು. ಬಡವರ ಒಲೆಗೆ ಸೌದೆ, ಇಟ್ಟಿಗೆ ಗೂಡಿಗೆ ಉರುವಲು, ಇದ್ದಿಲು ಸುಡುವವರಿಗೆ ಜೀವನ, ಹೊಲಕ್ಕೆ ಬೇಲಿ ಎಲ್ಲವೂ ಇದರಿಂದಲೇ ಆಗುತ್ತದೆ. ಸಿಹಿಯಾದ ಕಾಯಿಯನ್ನು ಆಡು, ದನ ತಿನ್ನುತ್ತವೆ. ಬೀಜ ಸಗಣಿಯಲ್ಲಿ, ಹಿಕ್ಕೆಯಲ್ಲಿ ಹೊರಬಿದ್ದು ಕಾಲುವೆ ಏರಿಯ ಮೇಲೆ, ಕೆರೆಯ ಅಂಗಳದಲ್ಲಿ, ಬೀಳು ಹೊಲದಲ್ಲಿ ಮೊಳೆಯುತ್ತದೆ. ಹೀಗೆ ದನ ನಡೆದಲ್ಲೆಲ್ಲ ಜಾಲಿಯೂ ನಡೆಯಿತು. ದನದ ದಾರಿಯೂ ಸೈಕಲ್ಲಿನ ದಾರಿಯೂ ಒಂದೇ ಆದಲ್ಲಿ ತಕರಾರು ಶುರು.

ಇದರ ಮುಳ್ಳು ಎಲೆಯ ಬುಡದಲ್ಲಿ ಜೋಡಿಯಾಗಿ ಬರುತ್ತದೆ. ನೆಟ್ಟಗೆ, ಗಟ್ಟಿಯಾಗಿ, ಕೆಲವೊಮ್ಮೆ ಎರಡು ಅಂಗುಲದಷ್ಟು ಬೆಳೆಯುತ್ತದೆ. ಮರದ ಮೇಲಿರುವ ಮುಳ್ಳಿನಿಂದ ಸೈಕಲ್ಲಿಗೆ ತೊಂದರೆಯಿಲ್ಲ. ತೊಂದರೆ ಬರುವುದು ಬೇಲಿ ಕಟ್ಟುವ ಕಾಲಕ್ಕೆ. ಕಡಿದ ಕೊಂಬೆಗಳನ್ನು ಗಾಡಿಗೆ ಕಟ್ಟಿ, ಇಲ್ಲವೇ ಹಗ್ಗ ಹಾಕಿ ರಸ್ತೆಯ ಮೇಲೆ ಎಳೆದುಕೊಂಡು ಹೋಗುತ್ತಾರೆ. ಕೊಂಬೆ ಹೊಲ ಸೇರುತ್ತದೆ, ಉದುರಿದ ಮುಳ್ಳು ರಸ್ತೆಯಲ್ಲಿ ಉಳಿಯುತ್ತದೆ. ಹಿಂದೆ ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ಇಂಥ ಮುಳ್ಳನ್ನು ಪುಡಿ ಮಾಡಿ ಮುಂದೆ ಹೋಗುತ್ತಿತ್ತು. ಗಾಳಿ ತುಂಬಿದ ರಬ್ಬರಿಗೆ ಆ ಭಾಗ್ಯವಿಲ್ಲ.

ಬಳ್ಳಾರಿ ಜಾಲಿಗಿಂತ ಹಳೆಯ ಶತ್ರುವೂ ಒಂದುಂಟು, ಅದು ನೆಗ್ಗಿಲು. ನೆಲಕ್ಕೆ ಒತ್ತಿಕೊಂಡು ಹರಡುವ, ಹಳದಿ ಹೂವಿನ ಈ ಬಳ್ಳಿ ನೋಡಲು ಸಾಧು. ವೈದ್ಯರಿಗೆ ಇದು ಗೋಕ್ಷುರ, ಬೆಲೆಯುಳ್ಳ ಔಷಧಿ. ಇದರ ಕಾಯಿ ಒಣಗಿ ಐದು ಹೋಳಾಗುತ್ತದೆ. ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಹಿಂದಿನ ಕಾಲದ ಯುದ್ಧಗಳಲ್ಲಿ ಕುದುರೆಗಳ ಕಾಲಿಗೆಂದು ಚೆಲ್ಲುತ್ತಿದ್ದ ನಾಲ್ಕು ಮೊನೆಯ ಕಬ್ಬಿಣದ ಮುಳ್ಳೂ ಇದೇ ಉಪಾಯದ್ದು. ಲ್ಯಾಟಿನ್ನಿನಲ್ಲಿ ಆ ಆಯುಧಕ್ಕಿದ್ದ ಹೆಸರನ್ನೇ ಸಸ್ಯಶಾಸ್ತ್ರಜ್ಞರು ಈ ಗಿಡಕ್ಕೆ ಇಟ್ಟು ಟ್ರಿಬ್ಯುಲಸ್ ಎಂದರು. ಇಂಗ್ಲಿಷಿನಲ್ಲಿ ಇದಕ್ಕೆ ‘ಪಂಕ್ಚರ್ ಬಳ್ಳಿ’ ಎಂಬ ಹೆಸರೇ ಇದೆ. ಅಮೆರಿಕದ ಒಣ ಸೀಮೆಯ ಸೈಕಲ್ಲಿನವರೂ ಕುರುಗೋಡಿನ ಸೈಕಲ್ಲಿನವರೂ ಕಷ್ಟ ಹೇಳಿಕೊಳ್ಳಲು ಕುಳಿತರೆ ಈ ಒಂದು ಗಿಡದ ವಿಷಯದಲ್ಲಿ ಭಾಷೆ ಅಡ್ಡಬರಲಾರದು.

ಪಂಕ್ಚರ್ ಎಂಬುದು ದಾರಿಗೊಂದು ಬಗೆ. ಹೆದ್ದಾರಿಯಲ್ಲಿ ಮುಳ್ಳಿನ ಹಾವಳಿ ಕಡಿಮೆ. ಅಲ್ಲಿ ಗಾಜಿನ ಚೂರು, ಸಿಡಿದ ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ. ಈ ತಂತಿ ಕಣ್ಣಿಗೆ ಕಾಣದು, ಬೆರಳಿಗೆ ಮಾತ್ರ ಚುಚ್ಚಿ ತಿಳಿಯುತ್ತದೆ. ಎತ್ತುಗಳು ಓಡಾಡುವ ಹಳ್ಳಿಯ ದಾರಿಯಲ್ಲಿ ಲಾಳದ ಮೊಳೆ. ಸಿರುಗುಪ್ಪ ಕಡೆಯ ಕಾಲುವೆ ಏರಿಯ ಮೇಲೆ ಹೋದರೆ ಜಾಲಿ. ತುಂಗಭದ್ರೆಯ ನೀರು ಬಂದಮೇಲೆ ಆ ತಾಲ್ಲೂಕು ಭತ್ತದ ಕಣಜವಾಯಿತು. ಕಾಲುವೆಯ ತೇವ ಜಾಲಿಗೂ ದಕ್ಕಿತು. ಮಳೆಗಾಲದಲ್ಲಿ ಪಂಕ್ಚರ್ ಹೆಚ್ಚೆಂಬುದು ಬರೀ ಗೊಣಗಾಟವಲ್ಲ. ಒದ್ದೆಯಾದ ರಬ್ಬರಿನೊಳಗೆ ಮೊನೆ ಜಾರಿ ಇಳಿಯುತ್ತದೆ. ಒಣ ರಬ್ಬರು ಅದನ್ನು ಹಿಡಿದು ತಡೆಯುತ್ತದೆ. ಸಾಲದ್ದಕ್ಕೆ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು, ಮುಳ್ಳನ್ನೂ ತನ್ನೊಂದಿಗೆ ಹೊತ್ತು, ಸುತ್ತು ಸುತ್ತಿಗೂ ಟೈರಿಗೆ ಒತ್ತುತ್ತಿರುತ್ತದೆ.

ಬೇಸಗೆಯ ಬಿಸಿಲಿಗೆ ಗಾಳಿ ಉಬ್ಬಿ ಟ್ಯೂಬ್ ಒಡೆಯುತ್ತದೆಂಬ ಮಾತಿದೆಯಲ್ಲ, ಅದನ್ನು ಮಾತ್ರ ಪೂರ್ತಿ ನಂಬಬೇಕಿಲ್ಲ. ಬೆಳಿಗ್ಗೆ 27 ಡಿಗ್ರಿ ಇದ್ದ ಟ್ಯೂಬಿನ ಗಾಳಿ ಮಧ್ಯಾಹ್ನ 47ಕ್ಕೆ ಏರಿದರೂ ಒಳಗಿನ ಒತ್ತಡ ಹೆಚ್ಚುವುದು ನೂರಕ್ಕೆ ಏಳರಷ್ಟು. ಒಳ್ಳೆಯ ಟ್ಯೂಬಿಗೆ ಅದು ಲೆಕ್ಕಕ್ಕಿಲ್ಲ. ಬಿಸಿಲು ಕೆಡಿಸುವುದು ಹಳೆಯ ತೇಪೆಯ ಅಂಟನ್ನು. ಅಂಟು ಮೆತ್ತಗಾಗಿ ತೇಪೆಯ ಅಂಚು ಏಳುತ್ತದೆ, ಗಾಳಿ ಹೊರಡುತ್ತದೆ, ಬೈಗುಳ ಸೂರ್ಯನ ಪಾಲಿಗೆ.

ಗಾಳಿ ತುಂಬಿದ ಚಕ್ರವೇ ಇಲ್ಲದ ಕಾಲದಲ್ಲಿ ಪಂಕ್ಚರೂ ಇರಲಿಲ್ಲ. ಥಾಮಸ್ ಸ್ಟೀವನ್ಸ್ ಎಂಬಾತ 1884ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟು, ಮುಂದೆ ಆಳೆತ್ತರದ ಚಕ್ರ, ಹಿಂದೆ ತಟ್ಟೆಯಗಲದ ಚಕ್ರವಿದ್ದ ಸೈಕಲ್ಲಿನಲ್ಲಿ ಲೋಕ ಸುತ್ತಿದ. 1886ರಲ್ಲಿ ಲಾಹೋರಿನಿಂದ ಕಲ್ಕತ್ತದವರೆಗೆ ನಮ್ಮ ದೇಶವನ್ನೂ ದಾಟಿ ಹೋದ. ಅವನ ಚಕ್ರಕ್ಕಿದ್ದದ್ದು ಗಟ್ಟಿ ರಬ್ಬರು. ಮುಳ್ಳಿನ ಭಯವಿಲ್ಲ, ಆದರೆ ರಸ್ತೆಯ ಪ್ರತಿ ಕಲ್ಲೂ ಬೆನ್ನುಮೂಳೆಗೆ ತಿಳಿಯಬೇಕು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿಯ ಟ್ಯೂಬ್ ಸುತ್ತಿದಾಗ ಬೆನ್ನು ಬದುಕಿತು, ಮುಳ್ಳು ಗೆದ್ದಿತು. ರಾಬರ್ಟ್ ಥಾಮ್ಸನ್ ಇದೇ ಉಪಾಯಕ್ಕೆ 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದನೆಂಬುದು ಆಮೇಲೆ ಎಲ್ಲರಿಗೂ ನೆನಪಾಯಿತು.

ಮೊದಲ ಗಾಳಿ ಟೈರುಗಳನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಒಂದು ತೂತು ಮುಚ್ಚಲು ಗಂಟೆಗಟ್ಟಲೆ ಬೇಕು. ಅಂಟು ಒಣಗಲು ರಾತ್ರಿಯೆಲ್ಲ ಕಾಯಬೇಕು. ಫ್ರಾನ್ಸಿನ ಮಿಷೆಲಿನ್ ಸಹೋದರರು 1891ರಲ್ಲಿ ಬಿಚ್ಚಿ ಹಾಕಬಹುದಾದ ಟೈರು ತಂದರು. ಅದು ಎಷ್ಟು ಸುಲಭವೆಂದು ತೋರಿಸಲು ಮರುವರ್ಷ ಪ್ಯಾರಿಸ್‌ನಿಂದ ಕ್ಲೆರ್ಮಾಂಟ್ ಫೆರಾಂಡ್‌ಗೆ ಸೈಕಲ್ ಪಂದ್ಯ ಏರ್ಪಡಿಸಿ, ದಾರಿಯಲ್ಲಿ ಮೊಳೆಗಳನ್ನೂ ಅವರೇ ಚೆಲ್ಲಿಸಿದರು! ನಮ್ಮಲ್ಲಿ ಮೊಳೆ ಚೆಲ್ಲುವ ಕೆಲಸಕ್ಕೆ ಕಂಪನಿಯ ಅಗತ್ಯ ಬೀಳಲಿಲ್ಲ.

ಇಂದು ದೂರ ಹೋಗುವವನು ಏನೇನು ಹೊತ್ತಿರಬೇಕು? ಪಂಪು, ಒಂದು ಹೊಸ ಟ್ಯೂಬು, ಟೈರ್ ಎಬ್ಬಿಸಲು ಎರಡು ಲಿವರ್, ತೇಪೆ, ಸೊಲ್ಯೂಷನ್, ಉಜ್ಜಲು ಮರಳುಕಾಗದ, ಒಂದು ಪಾನಾ. ಪಟ್ಟಿ ಸಣ್ಣದೇ. ಕೈಕೊಡುವುದು ಹೆಚ್ಚಾಗಿ ಸೊಲ್ಯೂಷನ್. ರಬ್ಬರನ್ನು ಪೆಟ್ರೋಲಿನ ಜಾತಿಯ ದ್ರವದಲ್ಲಿ ಕರಗಿಸಿದ ಪದಾರ್ಥವದು. ಮುಚ್ಚಳ ಒಮ್ಮೆ ತೆರೆದಮೇಲೆ ದ್ರವ ಮೆಲ್ಲಗೆ ಆರಿಹೋಗುತ್ತದೆ; ಬಳ್ಳಾರಿಯ ಬಿಸಿಲಿನಲ್ಲಿ ಇನ್ನೂ ಬೇಗ. ಆರು ತಿಂಗಳು ಚೀಲದಲ್ಲಿ ಭದ್ರವಾಗಿದ್ದ ಸೊಲ್ಯೂಷನ್ನನ್ನು ದಾರಿಯ ನಡುವೆ ಹಿಂಡಿದರೆ ಬರುವುದು ಬರೀ ವಾಸನೆ. ಹೊರಡುವ ಹಿಂದಿನ ದಿನ ಅದನ್ನು ಹಿಚುಕಿ ನೋಡಿದವನು ಜಾಣ.

ತೇಪೆ ಹಾಕುವುದರಲ್ಲೂ ಅವಸರವೇ ಶತ್ರು. ಟ್ಯೂಬಿನ ಮೈಮೇಲಿನ ಪುಡಿ, ಮೇಣ ಹೋಗುವಂತೆ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಅದು ಆರುವವರೆಗೆ ಸುಮ್ಮನಿರಬೇಕು. ಹಸಿಯಿದ್ದಾಗ ತೇಪೆ ಒತ್ತಿದರೆ ದ್ರವ ಒಳಗೇ ಸಿಕ್ಕಿಬಿದ್ದು ತೇಪೆ ಜಾರುತ್ತದೆ. ಪಂಕ್ಚರ್ ಅಂಗಡಿಯವನು ಸೊಲ್ಯೂಷನ್ ಹಚ್ಚಿ ಇನ್ನೊಂದು ಸೈಕಲ್ಲಿಗೆ ಗಾಳಿ ಹೊಡೆಯಲು ಎದ್ದು ಹೋಗುವುದನ್ನು ಗಿರಾಕಿಗಳು ಉದಾಸೀನವೆಂದು ತಿಳಿಯುತ್ತಾರೆ. ಅದು ಕೆಲಸದ ಒಂದು ಭಾಗ.

ಗಾಳಿ ಹೋದದ್ದೆಲ್ಲ ಪಂಕ್ಚರ್ ಅಲ್ಲ ಎಂಬುದೂ ಅಂಗಡಿಯಲ್ಲೇ ಕಲಿಯಬೇಕಾದ ಪಾಠ. “ಪಂಚರ್ ಆಗೈತಿ ನೋಡಣ್ಣ” ಎಂದು ಸೈಕಲ್ ನಿಲ್ಲಿಸಿದರೆ, ಅವನು ಮೊದಲು ಮುಟ್ಟುವುದು ವಾಲ್. ಬೆರಳಿಗೆ ಎಂಜಲು ಹಚ್ಚಿ ವಾಲ್ ಬಾಯಿಗೆ ಇಡುತ್ತಾನೆ. ಗುಳ್ಳೆ ಬಂದರೆ “ಪಂಚರ್ ಅಲ್ಲಪ್ಪಾ, ವಾಲ್ ಟ್ಯೂಬ್ ಹೋಗೈತಿ.” ಹಳೆಯ ಮಾದರಿಯ ಸೈಕಲ್ಲಿನಲ್ಲಿ ಗಾಳಿಯನ್ನು ಹಿಡಿದಿಡುವುದು ಕಡ್ಡಿಯಷ್ಟು ಸಪೂರದ, ಒಂದಂಗುಲದ ಆ ರಬ್ಬರಿನ ಕೊಳವೆ. ಅದರ ಒಂದು ತುಂಡು ಜೇಬಿನಲ್ಲಿ ಇಲ್ಲದೆ ಹತ್ತು ಕಿಲೋಮೀಟರ್ ನಡೆದವರಿದ್ದಾರೆ.

ಇಷ್ಟೆಲ್ಲ ಎರಡು ಚಕ್ರದವರ ಕಥೆ. ಒಂದೇ ಚಕ್ರದ ಸೈಕಲ್ ನಮ್ಮ ಕಡೆ ಕಾಣುವುದು ಸರ್ಕಸ್ಸಿನ ಡೇರೆಯಲ್ಲಿ. ಹ್ಯಾಂಡಲ್ ಇಲ್ಲ, ಚೈನಿಲ್ಲ. ಚಕ್ರದ ಅಚ್ಚಿಗೇ ಪೆಡಲ್. ಪೆಡಲ್ ಒಂದು ಸುತ್ತಿದರೆ ಚಕ್ರವೂ ಒಂದೇ ಸುತ್ತು. ಆದರೆ ಹೊರದೇಶಗಳಲ್ಲಿ ಇದನ್ನೇರಿ ನೂರಾರು ಮೈಲಿ ಹೋಗುವವರಿದ್ದಾರೆ. ಎಡ್ ಪ್ರಾಟ್ ಎಂಬ ಇಂಗ್ಲೆಂಡಿನ ಹುಡುಗ 2015ರಲ್ಲಿ ಹೊರಟು 2018ರಲ್ಲಿ ಲೋಕ ಸುತ್ತಿ ಊರಿಗೆ ಮರಳಿದ. ದೂರದ ಪಯಣಕ್ಕೆ ಬಳಸುವುದು 36 ಅಂಗುಲದ ಚಕ್ರ. ಒಂದು ಸುತ್ತಿಗೆ ಸುಮಾರು 2.87 ಮೀಟರ್ ಸಾಗುತ್ತದೆ. ಬಳ್ಳಾರಿಯಿಂದ ಸಿರುಗುಪ್ಪದ ದಾರಿಯಲ್ಲಿ 50 ಕಿಲೋಮೀಟರ್ ಹೋಗಲು 17 ಸಾವಿರಕ್ಕೂ ಹೆಚ್ಚು ಸಲ ಕಾಲು ತಿರುಗಬೇಕು, ನಡುವೆ ಒಮ್ಮೆಯೂ ಪೆಡಲ್ ನಿಲ್ಲಿಸಿ ಸುಮ್ಮನೆ ಜಾರುವಂತಿಲ್ಲ.

ಒಂದೇ ಟೈರು, ಹಾಗಾಗಿ ಮುಳ್ಳು ಸಿಗುವ ಸಂಭವವೂ ಅರ್ಧ ಎಂದು ಸಮಾಧಾನ ಹೇಳಬಹುದು. ಆದರೆ ಮೈಭಾರವೆಲ್ಲ ಆ ಒಂದರ ಮೇಲೆಯೇ. ಗಾಳಿ ಸ್ವಲ್ಪ ಕಡಿಮೆಯಿದ್ದು ಗುಂಡಿಗೆ ಇಳಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಕ್ಕಪಕ್ಕದಲ್ಲಿ ಎರಡು ತೂತಾಗುತ್ತದೆ. ಇದನ್ನು ಹಾವು ಕಚ್ಚಿದ ಗುರುತೆನ್ನುತ್ತಾರೆ. ಒಂದಕ್ಕೆ ತೇಪೆ ಹಾಕಿ ಇನ್ನೊಂದನ್ನು ನೋಡದೆ ಬಿಟ್ಟವರು ಫರ್ಲಾಂಗು ಹೋಗುವಷ್ಟರಲ್ಲಿ ಮತ್ತೆ ಇಳಿಯುತ್ತಾರೆ. ಗಾಳಿ ಒಮ್ಮೆಲೇ ಹೋದರಂತೂ ಸವಾರ ಮುಂದಕ್ಕೆ ಮುಗ್ಗರಿಸಬೇಕು. ಹಿಡಿದುಕೊಳ್ಳಲು ಹ್ಯಾಂಡಲ್ ಇಲ್ಲವಲ್ಲ.

ಅವರ ದೊಡ್ಡ ತೊಡಕು ಟ್ಯೂಬಿನದು. 36 ಅಂಗುಲದ ಟ್ಯೂಬು ಯಾವ ಊರಿನ ಅಂಗಡಿಯಲ್ಲೂ ಸಿಗದು, ಹೊರಲು ಭಾರ. ಆದ್ದರಿಂದ ಕೆಲವರು ಸಾಮಾನ್ಯ ಸೈಕಲ್ಲಿನ 29 ಅಂಗುಲದ ಟ್ಯೂಬನ್ನೇ ಒಯ್ದು, ಅವಸರಕ್ಕೆ ಎಳೆದು ಹಿಗ್ಗಿಸಿ ಹಾಕುತ್ತಾರೆ. ಹೊಸ ಟ್ಯೂಬು ಹಾಕಬೇಕಾದರೆ ಅಚ್ಚಿನ ಎರಡೂ ಬದಿಯ ಬೋಲ್ಟು ಬಿಚ್ಚಿ ಚಕ್ರವನ್ನೇ ಹೊರತೆಗೆಯಬೇಕು. ಒಂದು ಬೋಲ್ಟು ಹುಲ್ಲಿನಲ್ಲಿ ಕಳೆದುಹೋದರೆ ಅಲ್ಲಿಗೆ ಪಯಣ ಮುಗಿಯಿತು. ಅದಕ್ಕಾಗಿ ಪಳಗಿದವರು ಚಕ್ರ ಬಿಚ್ಚುವ ಗೋಜಿಗೇ ಹೋಗುವುದಿಲ್ಲ. ಟೈರಿನ ಒಂದು ಅಂಚನ್ನು ಮಾತ್ರ ಎಬ್ಬಿಸಿ, ಟ್ಯೂಬನ್ನು ಬದಿಗೆ ಎಳೆದು, ಅಲ್ಲೇ ತೇಪೆ ಹಾಕಿ ಒಳಗೆ ತಳ್ಳುತ್ತಾರೆ.

ಹೊರದೇಶದ ಸವಾರರು ಕಲಿತು ರೂಢಿಸಿಕೊಂಡ ಈ ವಿದ್ಯೆ ಬಳ್ಳಾರಿಯ ಯಾವ ಪಂಕ್ಚರ್ ಅಂಗಡಿಯವನಿಗೂ ಹೊಸತಲ್ಲ. ನಮ್ಮ ಕರಿಯ ಸೈಕಲ್ಲಿನ ಹಿಂಚಕ್ರದ ಅಚ್ಚಿಗೆ ಕ್ಯಾರಿಯರ್, ಸ್ಟ್ಯಾಂಡು, ಮಡ್‌ಗಾರ್ಡಿನ ಕಡ್ಡಿ ಎಲ್ಲವೂ ಬಿಗಿದಿರುತ್ತವೆ, ಮೇಲೆ ಚೈನು. ಒಂದು ಮುಳ್ಳಿಗಾಗಿ ಅದನ್ನೆಲ್ಲ ಬಿಚ್ಚುತ್ತ ಕುಳಿತರೆ ಸಂಜೆಯವರೆಗೆ ನಾಲ್ಕು ಸೈಕಲ್ ಆಗಲಾರವು. ಅವನು ಸೈಕಲ್ಲನ್ನು ಮಲಗಿಸುತ್ತಾನೆ, ಚಕ್ರ ಇದ್ದಲ್ಲೇ ಇರುತ್ತದೆ. ಟ್ಯೂಬಿನ ಕರುಳನ್ನು ಹೊರಗೆಳೆದು, ಗಾಳಿ ತುಂಬಿ, ತುಂಡು ತುಂಡಾಗಿ ನೀರಿನ ಬೋಗುಣಿಯಲ್ಲಿ ಅದ್ದುತ್ತ ಹೋಗುತ್ತಾನೆ. ಗುಳ್ಳೆ ಎದ್ದಲ್ಲಿ ಕಡ್ಡಿ ಚುಚ್ಚಿ ಗುರುತು. ಒಂದು ತೂತು ಸಿಕ್ಕಿತೆಂದು ನಿಲ್ಲಿಸದೆ ಪೂರ್ತಿ ಸುತ್ತು ಮುಗಿಸುತ್ತಾನೆ. ನಿಪುಣನೆಂದರೆ ಅವನೇ, ಅವನನ್ನು ಯಾರೂ ಹಾಗೆ ಕರೆಯುವುದಿಲ್ಲ ಅಷ್ಟೇ.

ಈ ಅಂಗಡಿಗಳೇ ಒಂದು ಕಾಲಕ್ಕೆ ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲನ್ನೂ ಕೊಡುತ್ತಿದ್ದವು. ಈಗ ಬಹಳ ಕಡೆ ಆ ಜಾಗದಲ್ಲಿ ಮೋಟಾರ್ ಸೈಕಲ್ಲಿಗೆ ಗಾಳಿ ಹಾಕುವ ಯಂತ್ರವಿದೆ. ಟ್ಯೂಬಿಲ್ಲದ ಟೈರಿಗೆ ಹೊರಗಿನಿಂದಲೇ ಬತ್ತಿ ತುರುಕಿ ಕಳಿಸುತ್ತಾರೆ; ಬೋಗುಣಿಯ ನೀರು ಬೇಕಿಲ್ಲ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿಗಳ ದಾರಿಯಲ್ಲಿ ಸೈಕಲ್ ಮತ್ತೆ ತುಂಬಿದವು. ಹೆಣ್ಣುಮಕ್ಕಳು ಗುಂಪುಗೂಡಿ ಪಕ್ಕದೂರಿನ ಹೈಸ್ಕೂಲಿಗೆ ಹೋಗುವುದು ಕಣ್ಣಿಗೆ ಹಬ್ಬವಾಗಿತ್ತು. ಸೈಕಲ್ ಜೊತೆಗೆ ಒಂದು ಪಂಪು, ನಾಲ್ಕು ತೇಪೆ, ಅದನ್ನು ಹಚ್ಚುವ ಒಂದು ತಾಸಿನ ಪಾಠ ಸೇರಿದ್ದರೆ ಎಷ್ಟು ಸೈಕಲ್ಲುಗಳು ಮನೆಯ ಗೋಡೆಗೆ ಒರಗದೆ ಉಳಿಯುತ್ತಿದ್ದವೋ. ಪಂಕ್ಚರ್ ಆದ ಸೈಕಲ್ಲು ಒಂದು ವಾರ ನಿಂತರೆ ಮತ್ತೆ ಏಳುವುದು ಕಷ್ಟ. ಅದರ ಜೊತೆಗೆ ಕೆಲವೊಮ್ಮೆ ಶಾಲೆಯೂ ನಿಲ್ಲುತ್ತದೆ.

ಏನೂ ಇಲ್ಲದಾಗಲೂ ಉಪಾಯಗಳುಂಟು. ನೀರಿಲ್ಲದಿದ್ದರೆ ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ತಿರುಗಿಸಿದರೆ ಸೂಜಿಯಷ್ಟು ಗಾಳಿಯೂ ತಿಳಿಯುತ್ತದೆ. ತೇಪೆಯಿಲ್ಲದಿದ್ದರೆ ತೂತಿನ ಜಾಗವನ್ನು ಬಿಟ್ಟು ಟ್ಯೂಬಿಗೆ ಗಂಟು ಹಾಕಿ ಗಾಳಿ ತುಂಬಬಹುದು, ಚಕ್ರ ಕುಂಟುತ್ತ ಊರು ಸೇರಿಸುತ್ತದೆ. ಟ್ಯೂಬೇ ಹರಿದುಹೋದರೆ ಟೈರಿನೊಳಗೆ ಬಿಗಿಯಾಗಿ ಹುಲ್ಲು ತುಂಬಿ ಹೋದ ಪ್ರವಾಸಿಗಳಿದ್ದಾರೆ. ಸಿರುಗುಪ್ಪದ ದಾರಿಯಲ್ಲಿ ಭತ್ತದ ಹುಲ್ಲಿಗೆ ಬರವಿಲ್ಲ. ಮೊದಲೇ ಎಚ್ಚರ ವಹಿಸುವವರು ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿಗೂ ಟ್ಯೂಬಿಗೂ ನಡುವೆ ಹಾಸುತ್ತಾರೆ. ಈಗ ಟ್ಯೂಬಿನೊಳಗೇ ಸುರಿಯುವ ಅಂಟು ದ್ರವವೂ ಬಂದಿದೆ. ನೆಗ್ಗಿಲಿನಂಥ ಸಣ್ಣ ತೂತಿಗೆ ಅದು ಒಳ್ಳೆಯ ಮದ್ದು, ಲಾಳದ ಮೊಳೆಗೆ ಸಾಲದು.

ಟೈರಿನಲ್ಲಿ ಮುಳ್ಳು ನಾಟಿದ್ದು ಕಂಡರೂ ಗಾಳಿ ಇನ್ನೂ ಇದ್ದರೆ, ಊರು ಹತ್ತಿರವಿದ್ದರೆ, ಅದನ್ನು ಕೀಳದೆ ಹೋಗಬೇಕೆಂಬುದು ಹಳಬರ ಮಾತು. ಚುಚ್ಚಿದ ಮುಳ್ಳೇ ಅಷ್ಟು ಹೊತ್ತು ಬೆಣೆಯಾಗಿ ತೂತನ್ನು ಮುಚ್ಚಿರುತ್ತದೆ. ಅಂಗಡಿ ಸೇರಿದಮೇಲೆ ಮಾತ್ರ ಅದನ್ನು ಬಿಡುವಂತಿಲ್ಲ. ಬಳ್ಳಾರಿ ಜಾಲಿಯ ಮುಳ್ಳು ಕಿತ್ತಾಗ ಹೆಚ್ಚಾಗಿ ಬುಡ ಕೈಗೆ ಬರುತ್ತದೆ, ತುದಿ ಮುರಿದು ಟೈರಿನ ದಪ್ಪದಲ್ಲಿ ಅಡಗಿರುತ್ತದೆ. ಹೊರಗೆ ಕಾಣದು. ಹೊಸ ಟ್ಯೂಬು ಹಾಕಿದರೂ ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಅದೇ ತುದಿ ಅದೇ ಜಾಗದಲ್ಲಿ ಮತ್ತೆ ಇರಿಯುತ್ತದೆ. ಅದಕ್ಕೇ ಅಂಗಡಿಯವನು ವಾಲ್‌ನಿಂದ ತೂತಿಗೆ ಎಷ್ಟು ದೂರವೆಂದು ಗೇಣಿನಲ್ಲಿ ಅಳೆದು, ಟೈರಿನಲ್ಲೂ ಅಷ್ಟೇ ದೂರಕ್ಕೆ ಕೈಹಾಕುತ್ತಾನೆ. ಬೆರಳ ತುದಿಯನ್ನು ಒಳಮೈಗೆ ಒತ್ತಿ, ಕಣ್ಣನ್ನು ರಸ್ತೆಯ ಕಡೆ ಇಟ್ಟು, ನಿಧಾನವಾಗಿ ಒಂದು ಸುತ್ತು ಎಳೆಯುತ್ತಾನೆ. ಎಲ್ಲೋ ಒಂದು ಕಡೆ ಬೆರಳು ತಟ್ಟನೆ ನಿಲ್ಲುತ್ತದೆ. ಇಕ್ಕಳದಿಂದ ಎಳ್ಳುಕಾಳಿನಷ್ಟು ಮೊನೆಯನ್ನು ಎಳೆದು ತೆಗೆದು, ಅದನ್ನು ರಸ್ತೆಗೆ ಎಸೆಯದೆ, ಪಕ್ಕದ ಡಬ್ಬಿಯೊಳಗೆ ಹಾಕುತ್ತಾನೆ.